ಕಣಕುಂಬಿಯ ಮಣ್ಣು ಬರೆದ ಹನ್ನೊಂದು ನಿಮಿಷ

ಕಥೆಯಿಲ್ಲದ, ನಟರಿಲ್ಲದ, ಒಬ್ಬನೇ ಕಲಾವಿದ ತನ್ನ ಕೈಯಿಂದ ಮಾಡಿ ಮುಗಿಸುವ ಕಿರುಚಿತ್ರಗಳ ಬಗ್ಗೆ ಬೆಳಗಾವಿ ಸೀಮೆಯಲ್ಲಿ ಬರೆದವರು ಕಡಿಮೆ, ಅವನ್ನು ನೋಡಿದವರು ಇನ್ನೂ ಕಡಿಮೆ. ದೂರದ ದೇಶಗಳಲ್ಲಿ ನೂರು ವರ್ಷಗಳ ಹಿಂದೆಯೇ ಅಂಥ ಪ್ರಯೋಗಗಳು ನಡೆದಿದ್ದವೆಂದು ನಾವೀಗ ಪುಸ್ತಕಗಳಲ್ಲಿ ಓದುತ್ತೇವೆ. ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಶ್ರೀ ಭರಮಪ್ಪ ಕಂಬಳಿಯವರು ಅಂಥ ಯಾವ ಪುಸ್ತಕವನ್ನೂ ಕಾಣದೆ ಒಂದು ಚಿತ್ರ ಮಾಡಿದ್ದರು. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗಿರುವ ಈ ಹೊತ್ತಿನಲ್ಲಿ, ಅವರ ಶಿಷ್ಯನೂ ಈ ಅಭಿನಂದನ ಗ್ರಂಥದ ಸಂಪಾದಕರಲ್ಲಿ ಒಬ್ಬನೂ ಆದ ನಾನು ಬರೆಯಬೇಕಾದದ್ದು ಆ ಚಿತ್ರದ ಬಗ್ಗೆ. ಅದು ಈಗ ಇಲ್ಲ.

ಕುರಿ ಸಾಕುವ ಮನೆತನದಿಂದ ಬಂದ ಸರ್ ೧೯೮೯ರಲ್ಲಿ ನಮ್ಮ ಶಾಲೆಗೆ ಸೇರಿದರು. ಕಾಡಂಚಿನ ಹಳ್ಳಿಗಳ ಮಕ್ಕಳು ಮರಾಠಿಯಲ್ಲಿ ಕೇಳಿದರೆ ಮರಾಠಿಯಲ್ಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರಿಸುತ್ತಿದ್ದರು. ಹೆಚ್ಚಿನ ಸಲ ಉತ್ತರವೇ ಇರುತ್ತಿರಲಿಲ್ಲ, ‘ನೋಡು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಎಂಟನೆಯ ತರಗತಿಯಲ್ಲಿ ನಾನು ಮೇಜಿನ ಮೇಲಿಟ್ಟ ಹೂಜಿಯನ್ನು ವಕ್ರವಕ್ರವಾಗಿ ಬರೆದಾಗ ಅವರು ಬೈಯಲಿಲ್ಲ. ಎರಡು ದಿನ ನನ್ನನ್ನು ಗಮನಿಸಿ, ಮೂರನೆಯ ದಿನ ಬೆಳಗಾವಿಯ ಬಸ್ಸು ಹತ್ತಿಸಿ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದರು. ಮನೆಯಲ್ಲಿ ತಿಳಿಯುವ ಮೊದಲೇ ನನ್ನ ಮೂಗಿನ ಮೇಲೆ ಕನ್ನಡಕ ಬಂದಿತ್ತು.

೧೯೯೫ರ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ, ಹಾಡು-ನಾಟಕಗಳ ನಡುವೆ, ಸರ್ ಶಾಲೆಯ ಹಳೆಯ ಪ್ರೊಜೆಕ್ಟರಿನಲ್ಲಿ ತಮ್ಮ ‘ನಾಲ್ಕು ತಿಂಗಳು’ ಚಿತ್ರವನ್ನು ತೋರಿಸಿದರು. ಹನ್ನೊಂದು ನಿಮಿಷ, ಮಾತಿಲ್ಲ, ಮನುಷ್ಯರಿಲ್ಲ. ಕಂದು ಬಣ್ಣದಲ್ಲಿ ಹಸಿರು ಉಂಗುರಗಳು ಹುಟ್ಟಿ ಒಂದನ್ನೊಂದು ನುಂಗುತ್ತಿದ್ದವು, ಬಿಳಿಯ ಎಳೆಗಳು ಬೇರಿನಂತೆ ಹಬ್ಬುತ್ತಿದ್ದವು. ಕಾಡಿನ ಮಳೆಯನ್ನು ದೂರದಿಂದ ಚಿತ್ರೀಕರಿಸಿದ್ದಾರೆಂದು ನಾನು ತಿಳಿದೆ. ಮುಂದಿನ ಸಾಲಿನಲ್ಲಿದ್ದ ಆಡಳಿತ ಮಂಡಳಿಯ ಈರಯ್ಯನವರು, “ಮಾಸ್ತರ, ನಿಮ್ಮ ರೀಲಿಗೆ ಗಜಕರ್ಣ ಹತ್ತೇತಿ. ಮದ್ಲ ಅದಕ್ಕ ಮುಲಾಮ ಹಚ್ಚಿ ಆಮ್ಯಾಲ ತೋರಸ್ರಿ” ಎಂದರು. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಸರ್ ಚಿತ್ರವನ್ನು ಕೊನೆಯವರೆಗೆ ಓಡಿಸಿಯೇ ಇಳಿದರು. ಮರುವಾರ ಪ್ರೊಜೆಕ್ಟರಿನ ಕೋಣೆಯ ಕೀಲಿಕೈಯನ್ನು ಅವರಿಂದ ಹಿಂದಕ್ಕೆ ಪಡೆಯಲಾಯಿತು. ರೀಲಿನ ಡಬ್ಬಿಯನ್ನು ಅವರು ಚಿತ್ರಕಲಾ ಕೋಣೆಯ ಕಪಾಟಿನಲ್ಲಿ ಇಟ್ಟರು. ಮತ್ತೆ ಚಿತ್ರ ಮಾಡಲಿಲ್ಲ.

ಆಮೇಲಿನ ಮೂವತ್ತು ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳಾದ ನಾವು ಸೇರಿದಾಗಲೆಲ್ಲ ಆ ಚಿತ್ರದ ಮಾತು ಬರುತ್ತಿತ್ತು. ನಕ್ಕವರೇ ಅದನ್ನು ಕಾಲಕ್ಕೆ ಮುಂಚೆ ಹುಟ್ಟಿದ ಕೃತಿಯೆಂದು ಹೊಗಳತೊಡಗಿದೆವು. ನಾನು ಎರಡು ವೇದಿಕೆಗಳಲ್ಲಿ ಅದರ ಬಗ್ಗೆ ಭಾಷಣ ಮಾಡಿದ್ದೇನೆ. ಅದನ್ನು ಹೇಗೆ ಮಾಡಿದಿರಿ ಎಂದು ಸರ್ ಅವರನ್ನು ಒಮ್ಮೆಯೂ ಕೇಳಲಿಲ್ಲ.

ಈ ವರ್ಷ ಅಭಿನಂದನ ಸಮಾರಂಭದಲ್ಲಿ ಚಿತ್ರವನ್ನು ತೋರಿಸಿ ಸರ್ ಅವರಿಗೆ ಅಚ್ಚರಿ ಉಂಟುಮಾಡಬೇಕೆಂದು ನಾವು ನಿಶ್ಚಯಿಸಿದೆವು. ಕಪಾಟಿನಿಂದ ಡಬ್ಬಿ ತೆಗೆದರೆ ರೀಲಿನ ತುಂಬ ಬೂಷ್ಟು. ಮೂವತ್ತು ಮಳೆಗಾಲಗಳ ತೇವ ಹಿಡಿದಿದೆಯೆಂದು ಮರುಗಿ, ಬೆಳಗಾವಿಯಲ್ಲಿ ಹಳೆಯ ರೀಲುಗಳನ್ನು ಶುಚಿಗೊಳಿಸುವ ಅನಿಕೇತನಿಗೆ ಕೊಟ್ಟೆ. ಒಂದು ಕಲೆಯೂ ಉಳಿಯಬಾರದು ಎಂದು ನಾನೇ ಹೇಳಿದ್ದೆ. ವಾರದ ನಂತರ ರೀಲು ಮರಳಿಸುವಾಗ ಅವನು ಸಂತೋಷದಲ್ಲಿದ್ದ. “ಭಾಳ ಹೊಲಸ ಹಿಡದಿತ್ರಿ ಸರ. ಎರಡ ದಿನ ಕುಂತ ಒರಿಸೇನಿ. ಈಗ ನೋಡ್ರಿ, ಕಾಜ ಇದ್ದಂಗ ಸ್ವಚ್ಛ ಆಗೇತಿ.” ಅವನ ತಪ್ಪಿಲ್ಲ, ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದ.

ಸಮಾರಂಭಕ್ಕೆ ಮೊದಲೊಮ್ಮೆ ಸರ್ ಅವರೇ ನೋಡಲಿ ಎಂದು ಅವರನ್ನೂ ಅವರ ಪತ್ನಿ ಪ್ರಮಿಳಾಬಾಯಿಯವರನ್ನೂ ಬೆಳಗಾವಿಯ ರಾಮತೀರ್ಥ ನಗರದ ನನ್ನ ಮನೆಗೆ ಕರೆದೆ. ಬಾಡಿಗೆಗೆ ತಂದ ಪ್ರೊಜೆಕ್ಟರು ಓಡತೊಡಗಿತು. ಗೋಡೆಯ ಮೇಲೆ ಬರೀ ಬೆಳಕು. ರೀಲು ತಿರುವುಮುರುವಾಗಿ ಸುತ್ತಿದೆಯೇನೋ ಎಂದು ನಾನು ತಡಕಾಡುತ್ತಿರುವಾಗ ಪ್ರಮಿಳಾಬಾಯಿಯವರು ಬೂಷ್ಟು ಎಲ್ಲಿ ಹೋಯಿತೆಂದು ಕೇಳಿದರು. ತೆಗೆಸಿದೆನೆಂದು ಹೇಳಿದೆ.

“ಅದ ಚಿತ್ರ ಆಗಿತ್ತಲ್ಲೋ ತಮ್ಮಾ” ಎಂದರು.

ಆಮೇಲೆ ಅವರೇ ಹೇಳಿದರು. ಗುಜರಿಯಿಂದ ತಂದ ಹಳೆಯ ಪ್ರಚಾರಚಿತ್ರದ ರೀಲನ್ನು ತುಂಡುತುಂಡು ಮಾಡಿ, ಕಣಕುಂಬಿಯಲ್ಲಿರುವ ತಮ್ಮ ತವರಿನ ಗದ್ದೆಯ ಬದುವಿನಲ್ಲಿ ಗಂಡಹೆಂಡಿರು ಕೂಡಿಯೇ ಹೂಳಿದ್ದರಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಆದಿತ್ಯವಾರ ಖಾನಾಪುರದಿಂದ ಬಸ್ಸಿನಲ್ಲಿ ಹೋಗಿ ಒಂದೊಂದೇ ತುಂಡನ್ನು ಅಗೆದು, ನೆರಳಲ್ಲಿ ಒಣಗಿಸಿ, ವಾರದ ಕ್ರಮದಲ್ಲಿ ಅಂಟಿಸಿದ್ದರಂತೆ. ಮೊದಲ ವಾರದ ತುಂಡಿನಲ್ಲಿ ಬೂಷ್ಟಿನ ಚುಕ್ಕಿ, ಹದಿನಾರನೆಯ ವಾರದ್ದರಲ್ಲಿ ಬೂಷ್ಟಿನ ಕಾಡು. ಮಣ್ಣಿನಲ್ಲಿ ಮೆತ್ತಗಾಗಿದ್ದ ಬಣ್ಣದ ಪದರವು ಒರೆಸುವಾಗ ಬೂಷ್ಟಿನ ಸಂಗಡವೇ ಎದ್ದುಹೋಗಿತ್ತು. ಬೇರೆ ಪ್ರತಿ ಇರಲಿಲ್ಲ.

ನಾನು ಸರ್ ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಗ್ರಂಥದ ಕೊನೆಗೆ ಅವರ ಕೃತಿಗಳ ಪಟ್ಟಿ ಕೊಡಬೇಕಿತ್ತು. ಅಭಿನಂದನ ಸಮಿತಿಯ ಹಿರಿಯರೊಬ್ಬರು ‘ಏಕೈಕ ಪ್ರತಿಯು ಮಳೆಗಾಲದ ತೇವದಿಂದ ನಾಶವಾಗಿದೆ’ ಎಂಬ ವಾಕ್ಯ ಸೂಚಿಸಿದರು. ನಾನು ಒಪ್ಪಿದೆ, ಒಪ್ಪಿದಾಗ ಎದೆ ಹಗುರಾಯಿತೆಂಬುದನ್ನೂ ಮುಚ್ಚಿಡಲಾರೆ. ಕರಡಚ್ಚನ್ನು ನೋಡಿದ ಸರ್ ಸಮಿತಿಯ ಸಭೆಗೆ ತಾವಾಗಿ ಬಂದರು.

“ಮಳಿ ಮ್ಯಾಲ ಹಾಕಬ್ಯಾಡ್ರಿ. ಮಳಿ ಅದನ್ನ ಮಾಡಿತ್ತು. ತೊಳಸಿದವ್ರು ಯಾರ ಅದಾರ, ಅವ್ರ ಹೆಸರ ಬರೀರಿ.”

ಅಭಿನಂದನೆಯ ಪುಸ್ತಕದಲ್ಲಿ ಅಂಥದ್ದು ಶೋಭಿಸುವುದಿಲ್ಲ ಎಂದು ಹಿರಿಯರು ತಿಳಿಹೇಳಿದರು. ಹಾಗಾದರೆ ತಮಗೆ ಪುಸ್ತಕವೂ ಬೇಡ, ಸಮಾರಂಭವೂ ಬೇಡ ಎಂದರು ಸರ್. ಆಮೇಲೆ ನನ್ನ ಕಡೆ ತಿರುಗಿ, “ಗೌರೀಶ, ನೀ ಹೊಗಳಿದ್ದು ಸಾಕು. ಆದದ್ದ ಬರಿ” ಎಂದು ಹೊರಟುಹೋದರು. ಎರಡು ದಿನ ವಾದವಾಗಿ ಸಮಿತಿ ಒಪ್ಪಿತು. ಪಟ್ಟಿಯಲ್ಲಿ ಈಗ ಹೀಗಿದೆ: ‘ನಾಲ್ಕು ತಿಂಗಳು, ಹನ್ನೊಂದು ನಿಮಿಷ, ಈ ಗ್ರಂಥದ ಸಂಪಾದಕ ಗೌರೀಶ ಮುತ್ನಾಳ ತೊಳೆಸಿದ್ದರಿಂದ ಅಳಿಸಿಹೋಗಿದೆ.’ ಆ ಸಾಲಿಗೆ ವಿವರಣೆಯಾಗಿ ಈ ಲೇಖನವನ್ನು ಬರೆದಿದ್ದೇನೆ.

ಶ್ರೀ ಭರಮಪ್ಪ ಕಂಬಳಿಯವರಿಗೂ ಪ್ರಮಿಳಾಬಾಯಿಯವರಿಗೂ ದೀರ್ಘ ಆಯುಷ್ಯ ಸಿಗಲಿ, ಕೈಕಾಲು ಗಟ್ಟಿಯಾಗಿರಲಿ. ಸರ್ ಮತ್ತೆ ಕೆಲಸಕ್ಕೆ ಕೂಡಲಿ ಎಂದೂ ಮನಸಾರೆ ಬಯಸುತ್ತೇನೆ. ಮಾಡಿದ್ದನ್ನು ನಮಗೆ ತೋರಿಸಲಿ ಎಂದು ಮಾತ್ರ ಕೇಳಲಾರೆ.