ಮನೆಯವರ ಒಪ್ಪಿಗೆ ಇದೆಯೇ?

ನಮ್ಮ ವೆಬ್ ಆ್ಯಪ್‌ನಲ್ಲಿ 'ಹೆಣ್ಣು' ಎಂದು ಆರಿಸಿದ ಕೂಡಲೇ ಒಂದು ಪ್ರಶ್ನೆ ತೆರೆದುಕೊಳ್ಳುತ್ತಿತ್ತು: 'ಮನೆಯವರ ಒಪ್ಪಿಗೆ ಇದೆಯೇ?' ಹೌದು ಎಂದು ಗುರುತು ಹಾಕದೆ ಮುಂದಿನ ಪುಟ ಬರುತ್ತಿರಲಿಲ್ಲ. 'ಗಂಡು' ಎಂದವನು ಮಾತ್ರ ನೇರವಾಗಿ ಟೆಂಟು, ಟಾರ್ಚುಗಳ ಪುಟಕ್ಕೆ ಹೋಗಿಬಿಡುತ್ತಿದ್ದ.

ಬೆಟ್ಟಕ್ಕೋ ತೋಪಿಗೋ ಹೋಗಿ ಟೆಂಟ್ ಹಾಕುವವರಿಗೆಂದು ಹೊಸೂರಿನ ಕಾಲೇಜಿನಲ್ಲಿ ನಾವು ಮೂವರು ಮಾಡುತ್ತಿದ್ದ ಪ್ರಾಜೆಕ್ಟು ಅದು: ಲೀಡರ್ ಆಗಿದ್ದ ಜೂಜುವಾಡಿಯ ಹುಡುಗ, ಕೃಷ್ಣಗಿರಿಯ ತಮಿಳು ಗೆಳತಿ, ಕೆಲಮಂಗಲದ ನಾನು. ಮೂವರಲ್ಲಿ ಯಾರೂ ಟೆಂಟಿನಲ್ಲಿ ಮಲಗಿದವರಲ್ಲ. "ನೀವೇ ಬಳಸದ ಆ್ಯಪನ್ನ ನಾನ್ಯಾಕೆ ನೋಡ್ಲಿ?" ಎಂದು ಪ್ರಾಜೆಕ್ಟು ನೋಡಿಕೊಳ್ಳುವ ಮೇಡಂ ಕೇಳಿದರು. ಗೆಳತಿಯ ಚಿಕ್ಕಪ್ಪನ ಮಾವಿನ ತೋಪಿನಲ್ಲಿ ಶನಿವಾರ ಉಳಿಯುವುದೆಂದಾಯಿತು. ನನ್ನ ಹೆಸರು ತುಂಬಲು ಹೋದಾಗಲೇ ಆ ಪ್ರಶ್ನೆ ಅಡ್ಡ ಬಂದದ್ದು.

"ಇದ್ಯಾಕೆ ನಮ್ಗೆ ಮಾತ್ರ?" ಎಂದೆ.

"ಸೇಫ್ಟಿಗೆ. ನಿಮ್ ಒಳ್ಳೇದಕ್ಕೇ ಹಾಕಿರೋದು," ಎಂದ ಲೀಡರ್.

"ಹಾವು ಕಚ್ಚೋಕ್ ಮುಂಚೆ ಗಂಡಾ ಹೆಣ್ಣಾ ಅಂತ ಕೇಳ್ತದಾ?"

"ಡಿಬೇಟ್ ಬುಟ್ಟು ಕೋಡ್ ಬರಿಯಮ್ಮ."

ಸರಿ, ಬರೆದೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು: ನಿಯಮ ಸರಿ ಎನ್ನುವವನನ್ನು ಮೊದಲು ಅದರೊಳಗೆ ನಿಲ್ಲಿಸಬೇಕು. 'ಹೆಣ್ಣಾದರೆ ಮಾತ್ರ' ಎಂದಿದ್ದ ಒಂದು ಸಾಲನ್ನು ಅವನೆದುರಿಗೇ ಅಳಿಸಿದೆ. ಈಗ ಅವನ ಹೆಸರಿನ ಕೆಳಗೂ ಅದೇ ಪ್ರಶ್ನೆ.

ಅವನು ನಕ್ಕ. "ನಮ್ಮಮ್ಮ ಬ್ಯಾಡ ಅಂತಾಳಾ?"

"ಫೋನ್ ಪೋಡುಡಾ," ಎಂದಳು ಗೆಳತಿ.

ಸ್ಪೀಕರ್ ಹಾಕಿಯೇ ಫೋನ್ ಮಾಡಿದ. ವಿಷಯ ಕೇಳಿದ ಅವನ ಅಮ್ಮ, "ಮಲ್ಗಕ್ಕೆ ನಿನ್ಗೇನ್ ಮನೆ ಇಲ್ವೇನ್ಲಾ? ಮೊದ್ಲೇ ಸೀತ ಕೆಮ್ಮು ನಿನ್ಗೆ. ಬ್ಯಾಡ," ಎಂದರು.

"ಅಮ್ಮೋ, ಪ್ರಾಜೆಕ್ಟು..."

"ಮನೇಲ್ ಕೂತ್ಕೊಂಡ್ ಮಾಡ್ಲಾ!"

ಫೋನ್ ಕಟ್ಟಾಯಿತು. ಅವನ ಪುಟ ಮುಂದೆ ಹೋಗಲಿಲ್ಲ.

"ತೆಗ್ದಾಕಣ ಇದ್ನ," ಎಂದ ಮೆಲ್ಲಗೆ.

"ಯಾರಿಗೆ?"

ನಮ್ಮಿಬ್ಬರ ಮುಖ ನೋಡಿದ. "ಎಲ್ಲಾರ್ಗೂ."

"ನೀನೇ ಹಾಕಿದ್ದು. ನೀನೇ ತೆಗಿ."

ತೆಗೆದ. ಆ ಜಾಗದಲ್ಲಿ ಮೂವರೂ ಸೇರಿ ಬೇರೊಂದು ಪ್ರಶ್ನೆ ಇಟ್ಟೆವು, ಗಂಡು ಹೆಣ್ಣೆನ್ನದೆ ಎಲ್ಲರಿಗೂ: 'ನೀವು ಎಲ್ಲಿರುತ್ತೀರೆಂದು ಯಾರಿಗೆ ತಿಳಿಸಿದ್ದೀರಿ?'

ಆ ಸಂಜೆ ಅಮ್ಮ ಅಂಗಳದಲ್ಲಿ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು. "ಶನಿವಾರ ಕೃಷ್ಣಗಿರಿ ತೋಪಲ್ಲಿ ಇರ್ತೀನಿ. ಭಾನುವಾರ ಬತ್ತೀನಿ," ಎಂದೆ.

ಅಮ್ಮನ ಕೈ ನಿಂತಿತು. "ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?"

ವೇದಿಕೆಯ ಮೇಲೆ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. "ಹೇಳ್ತಿದ್ದೀನಮ್ಮ."

ಅಮ್ಮ ಇನ್ನೆರಡು ಕಟ್ಟು ಮುಗಿಸಿದಳು. "ಆ ತೋಪಿನೋರ ನಂಬರ್ ಕೊಟ್ಟೋಗು. ನಾಳೀಕೆ ಯಾರಾನ ಕೇಳಿದ್ರೆ ನಾನೂ ಹೇಳ್ಬೇಕಲ್ಲ."

ಶನಿವಾರ ಗೆಳತಿ, ನಾನು ಇಬ್ಬರೇ ಟೆಂಟ್ ಹಾಕಿದೆವು. ಒಂದು ಗೂಟ ಎಷ್ಟು ಹೊಡೆದರೂ ಇಳಿಯದಾಗ ಮಾವಿನ ಬೇರಿಗೇ ಹಗ್ಗ ಕಟ್ಟಿದೆವು. ಅಷ್ಟರಲ್ಲಿ ಮನೆಯಿಂದ ಲೀಡರ್ ಫೋನ್ ಮಾಡಿದ. "ನೆಲ ಗಟ್ಟಿ ಐತಾ? ರಿಪೋರ್ಟಿಗೆ ಬರೀಬೇಕು."

"ಬಂದು ನೋಡು," ಎಂದೆ.