ಭೀಮಾ ದಂಡೆಯಲ್ಲಿ ನನ್ನ ಸಮುದ್ರಯಾನ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಹಾಯಿದೋಣಿಯಲ್ಲಿ ಒಬ್ಬನೇ ಸಮುದ್ರ ಸುತ್ತಿ ಬರುವ ತಯಾರಿ ನಡೆಸಿದ್ದೆ. ಈಜು ಬಾರದವನು ಸಮುದ್ರಕ್ಕೆ ಹೇಗೆ ಹೊರಟೆ ಎಂದು ಕೇಳಿದವರಿಗೆ ಆಗ ನನ್ನಲ್ಲಿ ಉತ್ತರ ಸಿದ್ಧವಿತ್ತು: ನಡುಗಡಲಿನಲ್ಲಿ ಬಿದ್ದವನು ಈಜಿಕೊಂಡು ಹೋಗುವುದಾದರೂ ಎಲ್ಲಿಗೆ?

ನಾನು ಹುಟ್ಟಿದ್ದು ಆಳಂದದ ಕಡೆಯ ಮಾದನಹಿಪ್ಪರಗಾದಲ್ಲಿ. ಅಲ್ಲಿ ನೀರು ಎಂದರೆ ಬಾವಿಯ ತಳದಲ್ಲಿ ಕಾಣುವ ತಟ್ಟೆಯಷ್ಟು ಆಕಾಶ. ಸಾವಿರದ ಒಂಬೈನೂರ ನಲವತ್ತೇಳರಲ್ಲಿ ನನ್ನನ್ನು ಅಫಜಲಪುರ ತಾಲ್ಲೂಕಿನ ಒಂದು ಹೊಳೆದಂಡೆಯ ಊರಿನ ಶಾಲೆಗೆ ಭೂಗೋಳದ ಮಾಸ್ತರನಾಗಿ ಹಾಕಿದರು. ನಾನು ಕಾಣದ ಸಮುದ್ರಗಳನ್ನು ನನ್ನದಲ್ಲದ ಉರ್ದುವಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ಆ ವರ್ಷವೇ ಸೊಲ್ಲಾಪುರದ ರದ್ದಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಒಬ್ಬನೇ ದೋಣಿ ನಡೆಸುವವನಿಗೆ ಸೂಚನೆಗಳು ಅದರಲ್ಲಿದ್ದವು. ಮೊದಲ ಹನ್ನೆರಡು ಪುಟ ಇರಲಿಲ್ಲ. ಈಜಿನ ವಿಷಯ ಬಹುಶಃ ಅಲ್ಲಿಯೇ ಇದ್ದಿರಬೇಕು.

ತಯಾರಿ ಜೋರಾಗಿ ನಡೆಯಿತು. ನಾವಿಕರ ಗಂಟು ಕಲಿಯಲು ಆಕಳ ಹಗ್ಗ ಹಿಡಿದೆ. ಗಂಟು ಎಷ್ಟು ಚೆನ್ನಾಗಿ ಬಿತ್ತೆಂದರೆ ನನ್ನ ಹೆಂಡತಿ ಕುಡಗೋಲು ತಂದು ಹಗ್ಗ ಕೊಯ್ದು ಆಕಳನ್ನು ಬಿಡಿಸಬೇಕಾಯಿತು. ತಿಂಗಳುಗಟ್ಟಲೆ ಕೆಡದ ಆಹಾರ ಒಯ್ಯಿರಿ ಎಂದು ಪುಸ್ತಕ ಹೇಳುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯಂಥ ಒಣ ಚಟ್ನಿ ಇರುವ ನಾಡಿನವನಿಗೆ ಅದೇನು ದೊಡ್ಡ ಮಾತು? ಒಂಟಿತನ ರೂಢಿಯಾಗಲೆಂದು ಮೂರು ದಿನ ಮಾತು ಬಿಟ್ಟು ಮಾಳಿಗೆಯ ಮೇಲೆ ಇರುವುದೆಂದು ಕುಳಿತೆ. ಎರಡನೆಯ ದಿನ ಮಧ್ಯಾಹ್ನವೇ ಕೆಳಗಿಳಿದು ಬಂದು, ಒಂಟಿತನ ಎಷ್ಟು ಕಠಿಣ ಎಂಬುದನ್ನು ಹೆಂಡತಿಗೆ ಒಂದು ತಾಸು ವಿವರಿಸಿದೆ. ಸುದ್ದಿ ಜೇವರ್ಗಿಯ ಅವಳ ತವರಿಗೂ ಮುಟ್ಟಿತು. ಅಳಿಯನಿಗೆ ಬಿಸಿಲು ಬಡಿದಿರಬಹುದು ಎಂದು ಮಾವ ಈರುಳ್ಳಿಯ ಚೀಲ ಕಳಿಸಿದರು.

ಸಮುದ್ರ ದಾಟಿದವನಿಗೆ ಹಿಂದೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿತ್ತಂತೆ. ನಾನು ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹೊಳೆ ದಾಟುವುದಕ್ಕೆ ಮಾತ್ರ ಯಾವ ಶಾಸ್ತ್ರದ ಅಡ್ಡಿಯೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಊರಿನಲ್ಲಿ ನನ್ನನ್ನು ನಂಬಿದ್ದ ಮನೆ ಒಂದೇ. ಶಾಲೆಯ ಡ್ರಾಯಿಂಗ್ ಮಾಸ್ತರರಾದ ಖಾಜಾ ಸಾಹೇಬರದು. ಅವರು ನನ್ನ ದೋಣಿಯ ಚಿತ್ರ ಬರೆದುಕೊಟ್ಟರು. ಅವರ ತಾಯಿ, ಊರಿಗೆಲ್ಲ ಅಮ್ಮಾಜಾನ್, ಹಳೆಯ ಚಾದರಗಳನ್ನು ಜೋಡಿಸಿ ಹಾಯಿ ಹೊಲಿದುಕೊಟ್ಟರು. ಆ ಹಾಯಿಯನ್ನು ಹೊತ್ತುಕೊಂಡು ನಾನು ಅಂಬಿಗರ ನಿಂಗವ್ವನ ಬಳಿಗೆ ಹೋದೆ. ಗಂಡ ತೀರಿದ ಮೇಲೆ ಅವನ ಹರಿಗೋಲನ್ನು ಅವಳೇ ನಡೆಸುತ್ತಿದ್ದಳು. ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಬುಟ್ಟಿ ಅದು. ಅದಕ್ಕೆ ಹಾಯಿ ಕಟ್ಟಿದರೆ ಮುಂದೆ ಹೋಗುವುದಿಲ್ಲ, ಬೀಸುವ ಕಲ್ಲಿನಂತೆ ತಿರುಗುತ್ತದೆ. ಆ ದಿನ ನಾನು ದಂಡೆಯಿಂದ ಹತ್ತು ಮಾರು ದೂರದಲ್ಲಿ ಕಡಲಬೇನೆ ಅನುಭವಿಸಿದೆ.

"ಮಾಸ್ತರ್ರ, ಸಮುದ್ರಕ್ಕ ಆಚಿ ದಂಡಿ ಕಾಣ್ತದೇನ್ರಿ?" ಎಂದು ನಿಂಗವ್ವ ಕೇಳಿದಳು.

"ಇಲ್ಲ."

"ಅಲ್ಲಿ ನಿಮ್ಮ ಹಾದಿ ನೋಡಕೋಂತ ಯಾರರ ನಿಂತಿರ್ತಾರ್ರಿ?"

"ಯಾರೂ ಇಲ್ಲ."

"ಮತ್ತ ಯಾಕ ಹೊಂಟೀರಿ?"

ಅವಳದು ಕುಹಕವಲ್ಲ, ತಿಳಿಯುವ ಆಸೆ. ಹರಿಗೋಲಿನಲ್ಲಿ ಹುಟ್ಟು ಹಾಕಿದ ಮೂವತ್ತು ವರ್ಷಗಳಲ್ಲಿ ಅವಳು ಕೆಲಸವಿಲ್ಲದೆ ಆಚೆ ದಂಡೆಗೆ ಹೋದವನನ್ನು ಕಂಡಿರಲಿಲ್ಲ. ಆದರೂ ಸುಮ್ಮನೆ ಬಿಡದೆ ಎಂಟು ತಿಂಗಳು ನನಗೆ ಹುಟ್ಟು ಹಾಕುವುದನ್ನು ಕಲಿಸಿದಳು. ಬೇಸಿಗೆಯ ಮೊಳಕಾಲುದ್ದದ ನೀರಿನಲ್ಲಿ ನಾನು ಚೆನ್ನಾಗಿಯೇ ಕಲಿತೆ. ಅದನ್ನು ಇಡೀ ಊರಿಗೆ ಹೇಳಿಕೊಂಡೂ ತಿರುಗಿದೆ.

ಆಗ ಭೀಮೆಯ ಈಚೆ ನವಾಬರ ಸಂಸ್ಥಾನ, ಆಚೆ ಹಿಂದುಸ್ಥಾನ. ಸಂಸ್ಥಾನ ಹಿಂದುಸ್ಥಾನಕ್ಕೆ ಸೇರಲು ಒಪ್ಪದ ಆ ಗಲಾಟೆಯ ತಿಂಗಳುಗಳಲ್ಲಿ ನಮ್ಮ ಕಡೆಯ ಎಷ್ಟೋ ಹಿಂದೂ ಮನೆಯವರು ಅಂಜಿ ಹೊಳೆ ದಾಟಿದ್ದರು. ನಲವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದುಸ್ಥಾನದ ಸೈನ್ಯ ಬಂದು ಸಂಸ್ಥಾನವೇ ಮುಗಿಯಿತು. ಅಂಜುವ ಸರದಿ ಮುಸಲ್ಮಾನರ ಮನೆಗಳಿಗೆ ಬಂತು. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ಸುದ್ದಿಗಳನ್ನು ಇಲ್ಲಿ ಬರೆಯಲಾರೆ. ಒಂದು ಬೆಳಿಗ್ಗೆ ಖಾಜಾ ಸಾಹೇಬರು ನಮ್ಮ ಬಾಗಿಲಿಗೆ ಬಂದರು.

"ಅಮ್ಮಾನ್ನ ಕರಕೊಂಡು ಸಿಂದಗಿ ಕಡಿ ನಮ್ಮ ಅಕ್ಕನ ಮನಿಗೆ ಹೊಂಟೇನ್ರಿ. ಹೊಳಿ ತುಂಬಿ ಬಂದದ, ಇನ್ನೊಂದು ಹುಟ್ಟಿಗೆ ಕೈ ಬೇಕಂತ. ಮಾಸ್ತರು ಬಂದ್ರ ದಾಟಸ್ತೇನಿ ಅಂದಾಳ ನಿಂಗವ್ವ."

"ಒಂದು ನಿಮಿಷ, ಬಂದೆ" ಎಂದು ನಾನು ಒಳಗೆ ಹೋದೆ. ಹೊಳೆಯ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅಲ್ಲಿ ನಿಂತು ನಾನು ಏನು ಯೋಚಿಸಿದೆನೋ ನೆನಪಿಲ್ಲ. ಯೋಚಿಸಲೇ ಇಲ್ಲವೆಂದು ಕಾಣುತ್ತದೆ. ಹೊರಗೆ ಬಂದಾಗ ನನ್ನ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದೆ.

"ನಿನ್ನೆ ಉಳುಕಿತು, ಸಾಹೇಬರೇ. ಎತ್ತಲೂ ಆಗುತ್ತಿಲ್ಲ."

ಖಾಜಾ ಸಾಹೇಬರು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದರು. "ಬಹಳ ಬ್ಯಾನಿ ಅದೇನ್ರಿ? ಆರಾಮ್ ಮಾಡ್ರಿ. ನಾನಽ ಹುಟ್ಟ ಹಿಡೀತೇನಿ" ಎಂದರು. ಕುಂಚಕ್ಕಿಂತ ದಪ್ಪದ್ದನ್ನು ಎಂದೂ ಹಿಡಿಯದ ಮನುಷ್ಯ. ಅನುಮಾನಪಟ್ಟಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಕಳಿಸಿಕೊಡಲು ದಂಡೆಗೆ ಹೋದೆ. ಹೊಳೆಯ ನೀರು ಕೆಂಪಾಗಿ ಸುಳಿ ಹಾಕುತ್ತಿತ್ತು. ಅಮ್ಮಾಜಾನ್ ಪೆಟ್ಟಿಗೆ ಎತ್ತಲು ಬಗ್ಗಿದಾಗ ನಾನು ಮುಂದೆ ಬಂದು ಅದನ್ನು ಎತ್ತಿ ಹರಿಗೋಲಿನಲ್ಲಿ ಇಟ್ಟೆ. ತಲೆ ಎತ್ತಿದಾಗ ನಿಂಗವ್ವ ನನ್ನ ಕೈಯನ್ನು ನೋಡುತ್ತಿದ್ದಳು. ಪೆಟ್ಟಿಗೆ ಎತ್ತಿದ್ದು ಬಟ್ಟೆ ಸುತ್ತಿದ ಕೈಯಿಂದಲೇ. ಅವಳು ಹಗ್ಗ ಬಿಚ್ಚಿದಳು.

ಹರಿಗೋಲು ನಾಲ್ಕು ಸುತ್ತು ಸುತ್ತಿ ಸೆಳವಿಗೆ ಸಿಕ್ಕಿತು. ಖಾಜಾ ಸಾಹೇಬರು ತಪ್ಪು ಕಡೆಗೆ ಹುಟ್ಟು ಹಾಕುವುದೂ, ನಿಂಗವ್ವ ಒಂದೇ ಸಮನೆ ಕೂಗಿ ಹೇಳುವುದೂ ಕಾಣಿಸುತ್ತಿತ್ತು. ಅಮ್ಮಾಜಾನ್ ಎರಡೂ ಕೈಗಳಿಂದ ಬುಟ್ಟಿಯ ಅಂಚು ಹಿಡಿದಿದ್ದರು. ತಿರುವಿನ ಆಚೆ ಹರಿಗೋಲು ಮರೆಯಾಯಿತು. ಆಮೇಲೆ ಬರಿಯ ನೀರು.

ಆ ದಿನ ನಿಂಗವ್ವ ಮರಳಲಿಲ್ಲ. ನಾನು ಉಣ್ಣಲಿಲ್ಲ. ಹೆಂಡತಿ ಕೈಗೆ ಅರಿಷಿಣ ಹಚ್ಚಲು ಬಂದಾಗ ಅವಳ ಮೇಲೆ ರೇಗಿದೆ. ಮರುದಿನ ಮಧ್ಯಾಹ್ನ ನಿಂಗವ್ವ ಬಂದಳು. ಎರಡು ಹರದಾರಿ ಕೆಳಗೆ ಆಚೆ ದಂಡೆ ಸಿಕ್ಕಿತ್ತಂತೆ. ಖಾಜಾ ಸಾಹೇಬರ ಅಂಗೈ ಚರ್ಮ ಕಿತ್ತು ಬಂದಿತ್ತಂತೆ. ಎಲ್ಲರೂ ಬದುಕಿ ಉಳಿದಿದ್ದರು.

"ನಿಂಗವ್ವ, ನನ್ನ ಕೈಗೆ ಏನೂ ಆಗಿರಲಿಲ್ಲ" ಎಂದೆ.

"ಗೊತ್ತಿತ್ರಿ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಅಂಜಿದವರ ಕೈಯಾಗ ಹುಟ್ಟ ಕೊಡಬಾರದ್ರಿ. ಎಲ್ಲಾರ್ನೂ ಮುಳಗಸ್ತಾರ. ಸಾಹೇಬರೂ ಅಂಜಿದ್ರು. ಆದ್ರ ಅವರಿಗೆ ಈ ದಂಡ್ಯಾಗ ನಿಲ್ಲಾಕ ಜಾಗ ಇರಲಿಲ್ಲ. ನಿಮಗಿತ್ತು."

ಬೈದಿದ್ದರೆ ಮರೆತಿರುತ್ತಿದ್ದೆನೋ ಏನೋ. ನೀರು ಇಳಿದ ಮೇಲೆ ನಾನು ಮತ್ತೆ ಅವಳ ಹರಿಗೋಲಿಗೆ ಹೋದೆ. ಈ ಸಲ ಸಮುದ್ರದ ಮಾತು ಎತ್ತಲಿಲ್ಲ. ಸಂತೆಗೆ ಹೋಗುವವರನ್ನೂ ಅವರ ಆಡುಗಳನ್ನೂ ದಾಟಿಸಿದೆ. ಆಡುಗಳು ನನ್ನನ್ನು ಪೂರ್ತಿ ನಂಬಲಿಲ್ಲ. ಅವುಗಳದು ಸರಿಯೇ.

ಹೊಲದಲ್ಲಿ ಜೋಳ ತೆನೆ ಕಟ್ಟುವ ಹೊತ್ತಿಗೆ ಖಾಜಾ ಸಾಹೇಬರೂ ಅಮ್ಮಾಜಾನರೂ ಹಿಂದಿರುಗಿದರು. ನಾನು ಎರಡು ದಿನ ಅವರ ಓಣಿಯನ್ನು ತಪ್ಪಿಸಿ ಸುತ್ತು ಹಾಕಿ ಶಾಲೆಗೆ ಹೋದೆ. ಮೂರನೆಯ ದಿನ ಅಮ್ಮಾಜಾನರೇ ಮನೆಗೆ ಬಂದರು. ಸೆರಗಿನಲ್ಲಿ ಒಂದು ಶೀಶೆ. ಸಿಂದಗಿಯಲ್ಲಿ ಯಾರೋ ಹಕೀಮರು ಉಳುಕಿಗೆಂದು ಕೊಟ್ಟ ಎಣ್ಣೆಯಂತೆ. ನನಗಾಗಿಯೇ ಕೇಳಿ ತಂದಿದ್ದರು.

"ಯಾವ ಕೈ, ಬೇಟಾ?"

ಇದನ್ನು ಹೇಳುವುದಕ್ಕೇ ನಾನು ಇಷ್ಟೆಲ್ಲ ಬರೆದದ್ದು. ಯಾವ ಕೈಗೆ ಬಟ್ಟೆ ಸುತ್ತಿದ್ದೆನೋ ನನಗೆ ಮರೆತುಹೋಗಿತ್ತು.

"ಅಮ್ಮಾ, ಯಾವ ಕೈಗೂ ಏನೂ ಆಗಿರಲಿಲ್ಲ. ಅಂಜಿದ್ದೆ" ಎಂದೆ.

ಹೊಳೆಯ ನಡುವಿನ ಆ ಸುಳಿಗಳು ಅವರ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಶೀಶೆಯ ಬಿರಡೆ ತೆಗೆದು, ನೆಲದ ಮೇಲೆ ಕುಳಿತು, ನನಗೂ ಕುಳಿತುಕೊಳ್ಳಲು ಸನ್ನೆ ಮಾಡಿದರು.

"ಹಂಗಾದ್ರ ಎರಡೂ ಕೊಡು" ಎಂದರು.