ಮೂವತ್ತೊಂದನೇ ನಿಮಿಷದ ಕೆಮ್ಮು

ಸೆಲ್ಲೋಟೇಪಿನ ತುದಿ ಹುಡುಕುವುದು ಈ ವಯಸ್ಸಿಗೆ ಅರ್ಧ ದಿನದ ಕೆಲಸ. ಟಿವಿ ರಿಮೋಟಿನ ಹಿಂಬದಿಯ ಮುಚ್ಚಳ ಮುರಿದು ಸೆಲ್ಲುಗಳು ಉದುರುತ್ತಿದ್ದವು. ಒಂದು ಸುತ್ತು ಅಂಟಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ ಎಂದುಕೊಂಡು, ಕನ್ನಡಕ ಏರಿಸಿ, ಸುರುಳಿಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದೆ. ಶುಕ್ರವಾರ. ಮನೆ ಮುಂದೆ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗುವ ಬಸ್ಸುಗಳು ಜನ ತುಂಬಿಕೊಂಡು ಹೋಗುತ್ತಿದ್ದವು. ಕೊನೆಗೂ ತುದಿ ಸಿಕ್ಕಿತು, ಚರ್ರೆಂದು ಎಳೆದೆ. ಆ ಅಂಟಿನ ವಾಸನೆ ಮೂಗಿಗೆ ಬಂತು ನೋಡಿ, ಕೈ ಅಲ್ಲೇ ನಿಂತುಹೋಯಿತು. ಒಂದು ಚೂರು ಸೆಲ್ಲೋಟೇಪಿನಿಂದ ಒಂದು ಕಾಲದಲ್ಲಿ ನಾನು ಮಾಡಿದ ಕೆಲಸ ನೆನಪಾಗಿ, ರಿಮೋಟನ್ನು ಹಾಗೇ ಮೇಜಿನ ಮೇಲಿಟ್ಟೆ...

ನೆನಪು ತಾನಾಗಿ ಬಂದದ್ದೇನಲ್ಲ. ನಿವೃತ್ತ ಶಿಕ್ಷಕರ ಗುಂಪೊಂದಿದೆ ನನ್ನ ಫೋನಿನಲ್ಲಿ. ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನ ಮೊಣಕಾಲು ನೋವಿಗೆ ಮದ್ದು, ಸಂಜೆ ತೀರಿಕೊಂಡವರ ಫೋಟೋ. ಇಷ್ಟೇ ಬರುವ ಆ ಗುಂಪಿಗೆ ಮೂರು ದಿನದ ಹಿಂದೆ ಯಾರೋ ಯೂಟ್ಯೂಬಿನಲ್ಲಿ ಹಾಕಿದ್ದ ಒಂದು ಹಳೆಯ ಭಜನೆ ಕಚೇರಿಯ ಧ್ವನಿಮುದ್ರಿಕೆಯ ಲಿಂಕ್ ಕಳಿಸಿದ್ದರು. ಪಾವಗಡ ಕಡೆಯ ತತ್ವಪದದ ಹಾಡುಗಾರರೊಬ್ಬರದು. ಎಲ್ಲರೂ ಅವರನ್ನು ಗುರುಗಳು ಎನ್ನುತ್ತಿದ್ದರು. ಹಾರ್ಮೋನಿಯಂ ಮುಂದಿಟ್ಟುಕೊಂಡು, ಒಂದು ಸಾಲು ಕನ್ನಡ ಒಂದು ಸಾಲು ತೆಲುಗು ಬೆರೆಸಿ ಹಾಡುತ್ತಿದ್ದರು. ಅವರು ಹೋಗಿ ಮೂವತ್ತು ವರ್ಷಕ್ಕೂ ಮೇಲಾಯಿತು. 'ಮಧುಗಿರಿ ಕಚೇರಿ, ಮೊದಲ ಭಾಗ ಮಾತ್ರ' ಎಂದು ಮೇಲೆ ಬರೆದಿತ್ತು.

ಆ ಕಚೇರಿಯಲ್ಲಿ ನಾನೂ ಕೂತಿದ್ದೆ.

ಹಾಡಿಗಿಂತ ಮೊದಲು ಕೆಳಗಿನ ಕಾಮೆಂಟುಗಳನ್ನು ಓದಿದೆ. ಜನ ಅಲ್ಲಿ ಏನೇನು ಬರೆದುಕೊಂಡಿದ್ದರು! ತೋವಿನಕೆರೆಯ ಒಬ್ಬ ಹೆಂಗಸು, ಮಾತು ನಿಂತು ಮಲಗಿರುವ ತನ್ನ ತಾಯಿ ಈ ದನಿ ಕೇಳಿ ಫೋನಿನ ಕಡೆ ಮುಖ ತಿರುಗಿಸಿದಳೆಂದು ಬರೆದಿದ್ದಳು. ಶಿರಾದ ಒಬ್ಬ ಲಾರಿ ಡ್ರೈವರ್, 'ಯಾ ಅಲ್ಲಾ, ಗಾಡಿ ಸೈಡಿಗೆ ಹಾಕಿ ಅತ್ತೆ ಸಾರ್' ಎಂದಿದ್ದ. ತಾತನ ಜೊತೆ ಸೈಕಲ್ಲಿನಲ್ಲಿ ಹೋಗಿ ಕೇಳಿದ್ದೆ ಎಂದು ಒಬ್ಬರು, ಅಪ್ಪನ ತಿಥಿ ದಿನವೇ ಇದು ಸಿಕ್ಕಿತು ಎಂದು ಇನ್ನೊಬ್ಬರು. ಪರಿಚಯವಿಲ್ಲದವರೆಲ್ಲ ಸಾವಿನ ಮನೆಯಲ್ಲಿ ಸೇರಿದಂತೆ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಆಮೇಲೆ ಬೈಗುಳ ಶುರುವಾಗಿತ್ತು. ಧ್ವನಿಮುದ್ರಿಕೆ ಹಾಕಿದವರು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು. ಎರಡನೇ ಭಾಗದ ಮೇಲೆ ಟೇಪ್ ಮಾಡಿದವರೇ ತಪ್ಪಿ ಶಾಲಾ ಮಕ್ಕಳ ಹಾಡು ತುಂಬಿಸಿಬಿಟ್ಟರಂತೆ, ಹಾಗೆಂದು ಗುರುಗಳ ಮನೆಯವರು ಹೇಳಿದರು, ಕ್ಷಮಿಸಿ ಎಂದು. ಅಷ್ಟು ಸಾಕಾಯಿತು. ಯಾವ ತಲೆಕೆಟ್ಟವನ ಕೈಗೆ ಟೇಪ್ ಕೊಟ್ಟಿದ್ದರು ಎಂದು ಒಬ್ಬ. ಬಂಗಾರದ ಬೆಲೆ ಕತ್ತೆಗೇನು ಗೊತ್ತು ಎಂದು ಮತ್ತೊಬ್ಬ. 'ಮೂವತ್ತೊಂದನೇ ನಿಮಿಷದಲ್ಲಿ ಕೆಮ್ಮುವವನೂ ಅವನೇ ಇರಬೇಕು, ದರಿದ್ರದವನು' ಎಂದು ಇನ್ನೂ ಒಬ್ಬ.

ಕೆಮ್ಮಿದ್ದು ಟೇಪ್ ಮಾಡಿದವರೇ, ನಿಜ. ಉಳಿದದ್ದು ನಿಜವಲ್ಲ.

ಮಧುಗಿರಿಯ ಒಂದು ಪ್ರೈಮರಿ ಸ್ಕೂಲಿಗೆ ಟೀಚರಾಗಿ ಹೋದಾಗ ನನಗೆ ಇಪ್ಪತ್ತಮೂರು ವರ್ಷ. ಬೆಟ್ಟದ ಬುಡದ ಬೀದಿಯಲ್ಲಿ, ಬಂಡೆಯ ಕಾವು ಸಂಜೆಯವರೆಗೂ ಗೋಡೆಗೆ ಹೊಡೆಯುತ್ತಿದ್ದ ಒಂದು ರೂಮು ಬಾಡಿಗೆಗೆ ಸಿಕ್ಕಿತು. ಪಕ್ಕದ ಮನೆಯವರು ಮದುವೆ, ಮುಂಜಿ, ಭಾಷಣಗಳಿಗೆ ಮೈಕ್‌ಸೆಟ್ ಕೊಡುತ್ತಿದ್ದರು. ಊರಿಗೆಲ್ಲ ಅವರು ಮೈಕ್‌ಸೆಟ್ಟಿನೋರು, ನನಗೆ ಮೈಕ್‌ಸೆಟ್ ಅಣ್ಣ. ಜಗುಲಿಯ ತುಂಬ ಹಾರ್ನುಗಳು, ವೈರಿನ ಸುರುಳಿಗಳು. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ, ಆ ಹಾರ್ನಿನ ಬಾಯಿಯಲ್ಲೇ ಸಂಡಿಗೆ ಒಣಗಿಸುತ್ತಿದ್ದರು. ಅದಕ್ಕೆ ದಿನಾ ಜಗಳ.

ಅಣ್ಣನಿಗೆ ಒಂದು ಚಟ. ಭಜನೆಗೆ ಮೈಕ್ ಹಾಕಲು ಹೋದಲ್ಲೆಲ್ಲ ತಮ್ಮದೇ ಟೇಪ್‌ರೆಕಾರ್ಡರ್ ಒಯ್ದು, ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ, ಹಾಡನ್ನೆಲ್ಲ ಹಿಡಿದಿಡುವುದು. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಯಾಕಣ್ಣ ಈ ಪಡಿಪಾಟಲು ಎಂದರೆ, "ಗಾಳಿಗೋದ ಹಾಡ ಯಾರ್ ತಂದ್ಕೊಡ್ತಾರೆ ಹೇಳು ಟೀಚರಮ್ಮ" ಎನ್ನುತ್ತಿದ್ದರು. ಅವರ ಟ್ರಂಕಿನಲ್ಲಿ ನೂರರ ಮೇಲೆ ಕ್ಯಾಸೆಟ್ಟುಗಳಿದ್ದವು. ಮೇಲೆಲ್ಲ ಪೆನ್ಸಿಲಿನಲ್ಲಿ ಒಂದೇ ಪದ: ಭಜನೆ.

ಗುರುಗಳ ಆ ಕಚೇರಿ ಒಂದು ಭಾನುವಾರ ಮಧ್ಯಾಹ್ನ ಛತ್ರದಲ್ಲಿ ನಡೆಯಿತು. ಆ ಹೊತ್ತಿಗಾಗಲೇ ಅವರಿಗೆ ಕಣ್ಣು ಮಂಜಾಗಿತ್ತು, ಬೆಳಕಿರುವಾಗಲೇ ಪಾವಗಡದ ಬಸ್ಸು ಹಿಡಿಯಬೇಕು ಎಂದಿದ್ದರಂತೆ. ಆಂಪ್ಲಿಫೈಯರ್ ಕಾಯದಿರಲೆಂದು ಅಣ್ಣ ಇಟ್ಟಿದ್ದ ಟೇಬಲ್ ಫ್ಯಾನಿನ ಆಸೆಗೆ ನಾನು ಅವರ ಪಕ್ಕದಲ್ಲೇ, ತಿದ್ದಬೇಕಾದ ಕಾಪಿ ಪುಸ್ತಕ ಇಟ್ಟುಕೊಂಡು ಕೂತಿದ್ದೆ. ಅಣ್ಣನಿಗೆ ಬೀಡಿ ಕೆಮ್ಮು. ಟೇಪ್ ಓಡುವಾಗ ಅದನ್ನು ತಡೆಯಲು ಟವಲಿನ ಚುಂಗು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದರು. ಕಣ್ಣಲ್ಲಿ ನೀರು ಬಂದರೂ ಕೆಮ್ಮುತ್ತಿರಲಿಲ್ಲ. ಅವತ್ತು ಗುರುಗಳು ಒಂದು ಪದ ಮುಗಿಸಿ ಉಸಿರೆಳೆದುಕೊಳ್ಳುವ ಜಾಗದಲ್ಲಿ, ಎಲ್ಲಾ ನಿಶ್ಶಬ್ದವಾಗಿದ್ದಾಗ, ತಡೆಯಲಾಗದೆ ಒಂದೇ ಒಂದು ಸಲ ಕೆಮ್ಮಿಬಿಟ್ಟರು. ಕೂಡಲೇ ನನ್ನ ಕಡೆ ನೋಡಿದರು, ಮೇಷ್ಟ್ರ ಕೈಗೆ ಸಿಕ್ಕಿಬಿದ್ದವರಂತೆ.

"ಹಾಳ್ಮಾಡ್ಬುಟ್ಟೆ ಕಣಮ್ಮ" ಎಂದು ಆಮೇಲೆ ಒಂದು ವಾರ ಕೊರಗಿದರು. ಆ ಕೆಮ್ಮೊಂದನ್ನೇ ಅಳಿಸಲು ಬರುತ್ತದೆಯೇ ಎಂದು ತುಮಕೂರಿನ ರೇಡಿಯೋ ರಿಪೇರಿಯವರನ್ನು ಹೋಗಿ ಕೇಳಿ ಬಂದರು. ಬರುವುದಿಲ್ಲ ಎಂದರಂತೆ. ಕೊನೆಗೆ ನನ್ನ ಎದುರಿಗೇ ಆ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚಕ್ಕೆಗಳನ್ನು ಸ್ಕ್ರೂಡ್ರೈವರಿನಿಂದ ಮುರಿದರು. "ಇದ ಮುರುದ್ರೆ ಮುಗೀತು. ಇನ್ನ ಇದರ ಮ್ಯಾಲೆ ಯಾರೂ ಏನೂ ತುಂಬಂಗಿಲ್ಲ. ಇದು ಒಳ್ಳೆ ಕಚೇರಿ ಕಣಮ್ಮ." ಅಷ್ಟು ಕ್ಯಾಸೆಟ್ಟುಗಳಲ್ಲಿ ಅವರು ಹಾಗೆ ಮುರಿದದ್ದು ಐದೋ ಆರೋ.

ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂಬುದು ನಾನು ಓದುವಾಗಿನ ಹಾಸ್ಟೆಲಿನ ಹುಡುಗಿಯರಿಗೆಲ್ಲ ಗೊತ್ತಿದ್ದ ವಿದ್ಯೆ.

ಎರಡು ತಿಂಗಳು ಕಳೆದಿರಬೇಕು. ಸ್ಕೂಲಿಗೆ ಇನ್‌ಸ್ಪೆಕ್ಷನ್ ಸಾಹೇಬರು ಬರುವವರಿದ್ದರು. ಸ್ವಾಗತ ಗೀತೆಯನ್ನು ಮಕ್ಕಳಿಗೆ ಹಾಡಿಸಿ, ಟೇಪ್ ಮಾಡಿ, ಅವರಿಗೇ ಕೇಳಿಸಿ ತಿದ್ದಬೇಕು ಎಂಬ ಹುರುಪು ನನಗೆ. ಅಣ್ಣ ಊರಲ್ಲಿರಲಿಲ್ಲ. ಅಕ್ಕ ಟೇಪ್‌ರೆಕಾರ್ಡರ್ ಕೊಟ್ಟು, "ಟ್ರಂಕ್ನಾಗೆ ಯಾವ್ದಾನ ಇದ್ರೆ ತಗೊಂಡೋಗಮ್ಮ" ಎಂದರು. ಮೇಲೇ ಸಿಕ್ಕಿದ್ದು ಒಂದು. ಬೆನ್ನಿನ ಚಕ್ಕೆ ಮುರಿದಿತ್ತು. ನಾನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಬೆಲ್ಲಿಗೆ ಹೊತ್ತಾಗಿತ್ತು, ಕೆಳಗೆ ಕೈಹಾಕಿ ಬೇರೆಯದನ್ನು ಹುಡುಕಲು ಸೋಮಾರಿತನ. ನೂರು ಭಜನೆಯಲ್ಲಿ ಒಂದು, ಎರಡು ನಿಮಿಷದ ಹಾಡಿಗೆ ಏನಾದೀತು ಎಂದುಕೊಂಡೆ. ಸೆಲ್ಲೋಟೇಪ್ ಕಿತ್ತು ಅಂಟಿಸಿದೆ.

ಮಕ್ಕಳು ಹಾಡಿದರು. ಊಟದ ಬೆಲ್ ಹೊಡೆಯಿತು. ನಾನು ಟೇಪ್ ನಿಲ್ಲಿಸುವುದನ್ನೇ ಮರೆತು ಸ್ಟಾಫ್‌ರೂಮಿಗೆ ಹೋದೆ. ತಿರುಗಿ ಬಂದಾಗ ಆ ಬದಿ ಪೂರ್ತಿ ಓಡಿ ಟಕ್ಕೆಂದು ತಾನೇ ನಿಂತಿತ್ತು. ಮಕ್ಕಳ ಗಲಾಟೆ, ತಟ್ಟೆಗಳ ಸದ್ದು, ಒಂದು ಕಾಗೆ... ಅದರಡಿ ಗುರುಗಳ ಮುಕ್ಕಾಲು ಗಂಟೆ ಹೋಗಿತ್ತು. ಸೆಲ್ಲೋಟೇಪ್ ಕಿತ್ತೆಸೆದು, ಕ್ಯಾಸೆಟ್ಟನ್ನು ಟ್ರಂಕಿನಲ್ಲಿ ಮೊದಲಿದ್ದ ಹಾಗೇ ಇಟ್ಟೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಗುರುಗಳು ತೀರಿಕೊಂಡರು. ತಿಂಗಳು ಕಳೆದ ಮೇಲೆ ಅವರ ಮಗಳು, ಇಬ್ಬರು ಶಿಷ್ಯರು ಬಸ್ಸಿನಲ್ಲಿ ಅಣ್ಣನ ಮನೆ ಹುಡುಕಿಕೊಂಡು ಬಂದರು. ಪೂರ್ತಿ ಕಚೇರಿ ಹಿಡಿದಿರುವುದು ನಿಮ್ಮೊಬ್ಬರ ಹತ್ತಿರವೇ ಎಂದರು. ಅಣ್ಣನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಕಂಡಿರಲಿಲ್ಲ. ಚಾಪೆ ಹಾಸಿ ಕೂರಿಸಿದರು. ಅಕ್ಕ ನನ್ನನ್ನು ಕರೆದು ಮಜ್ಜಿಗೆಯ ಲೋಟಗಳನ್ನು ಕೈಗಿತ್ತರು. ಮೊದಲ ಬದಿ ಮುಗಿಯುವವರೆಗೂ ಆ ಮಗಳು ಸೆರಗು ಕಣ್ಣಿಗೊತ್ತಿಕೊಂಡು ಕೇಳಿದಳು. ಕೊನೆಯಲ್ಲಿ ಗುರುಗಳು ಹೊಸ ಪದ ಎತ್ತಿಕೊಂಡಿದ್ದರು. ಅರ್ಧ ಸಾಲಿಗೆ ಟೇಪ್ ಮುಗಿದಿತ್ತು. ಅಣ್ಣ, "ಇನ್ನು ಮುಂದೈತೆ ನೋಡಿ" ಎಂದು ಕ್ಯಾಸೆಟ್ ತಿರುಗಿಸಿ ಹಾಕಿದರು.

ಸ್ವಾಗತ ಗೀತೆ ಬಂತು. ಅದರ ನಡುವೆ ನನ್ನದೇ ದನಿ: "ಲೇ ಕೊನೇ ಸಾಲು, ಬಾಯಿ ಬಿಟ್ಟು ಹಾಡ್ರೋ."

ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಣ್ಣ ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ಮುಂದಕ್ಕೆ ಓಡಿಸಿದರು, ಮಕ್ಕಳು. ಇನ್ನೂ ಓಡಿಸಿದರು, ತಟ್ಟೆಗಳು, ಕಾಗೆ. ಆ ಮಗಳು ತೆಲುಗಿನಲ್ಲಿ, ನಮ್ಮಪ್ಪನ ದನಿ ಹೋಯಿತಲ್ಲಣ್ಣ ಎಂದಳು. ಶಿಷ್ಯರಲ್ಲೊಬ್ಬ ಎದ್ದು ನಿಂತು, "ಯಾರ್ರೀ ಇದು ಮಾಡಿದ್ದು?" ಎಂದ.

"ನಾನೇ ಕಣಪ್ಪ. ಸ್ಕೂಲಿನ ಹಾಡು ಟೇಪ್ ಮಾಡಕೋಗಿ ಇದ್ನೇ ಹಾಕ್ಬುಟ್ಟಿದೀನಿ. ನನ್ನ ಕೈತಪ್ಪು" ಎಂದರು ಅಣ್ಣ.

ಆಗ ನಾನು ಹೇಳಬಹುದಿತ್ತು. ಬಾಯಿ ಬಿಟ್ಟರೆ ದನಿ ಗುರುತು ಸಿಕ್ಕೀತು ಎಂದು ತುಟಿ ಬಿಗಿಹಿಡಿದು ನಿಂತೆ. ಮಜ್ಜಿಗೆ ತಗೊಳ್ಳಿ ಎಂದೂ ಅನ್ನಲಿಲ್ಲ. ಶಿಷ್ಯರು ಆಡಬಾರದ್ದನ್ನೆಲ್ಲ ಆಡಿದರು. ಅಣ್ಣ ತಲೆ ಬಗ್ಗಿಸಿ ಕೇಳಿಸಿಕೊಂಡು, ಕ್ಯಾಸೆಟ್ಟನ್ನು ಒಂದು ಬಿಳಿ ಕರ್ಚೀಫಿನಲ್ಲಿ ಸುತ್ತಿ ಆ ಮಗಳ ಕೈಗೆ ಕೊಟ್ಟರು.

ಅಲ್ಲಿಂದ ಮುಂದೆ ಭಜನೆಯವರು ಮೈಕಿಗೆ ಮಾತ್ರ ಅವರನ್ನು ಕರೆಯುತ್ತಿದ್ದರು. ಟೇಪ್‌ರೆಕಾರ್ಡರ್ ತರಬೇಡಿ ಎನ್ನುತ್ತಿದ್ದರಂತೆ. ಅವರೂ ಬಿಟ್ಟುಬಿಟ್ಟರು. ಎಷ್ಟೋ ದಿನದ ಮೇಲೆ ಧೈರ್ಯ ತಂದುಕೊಂಡು ಹೋಗಿ, "ಅಣ್ಣ, ಆವತ್ತು..." ಎಂದು ಶುರು ಮಾಡಿದೆ. ಅವರು ವೈರು ಸುತ್ತುತ್ತಲೇ, "ಮಕ್ಳು ದನಿ ಪಸಂದಾಗಿ ಬಂದೈತೆ ಟೀಚರಮ್ಮ. ಮೈಕ ಒಸಿ ದೂರ ಇಡ್ಬೇಕಿತ್ತು, ಕಿರುಚಿದಂಗೆ ಕೇಳ್ತೈತೆ" ಎಂದರು. ಅಷ್ಟೇ. ಮುಂದೆ ಹೇಳಲು ಬಿಡಲಿಲ್ಲ. ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ.

ಆಮೇಲೆ ನನಗೆ ಪಾವಗಡದ ಕಡೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ಅಣ್ಣ ಹೋದ ಸುದ್ದಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದಾಗ ಅವರ ವರ್ಷದ ತಿಥಿಯೂ ಮುಗಿದಿತ್ತು. ಹೋಗಿ ಅಕ್ಕನನ್ನು ನೋಡಬೇಕಿತ್ತು. ಹೋಗಲಿಲ್ಲ. ಈಗ ಆ ಬೀದಿಯಲ್ಲಿ ಅವರ ಮನೆಯೂ ಇಲ್ಲ, ಕೇಳಲು ಅಕ್ಕನೂ ಇಲ್ಲ.

ರಿಮೋಟು ಬಿಟ್ಟು ಫೋನು ಹಿಡಿದೆ. ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. 'ಎರಡನೇ ಭಾಗ ಅಳಿಸಿದವಳು ನಾನು. ನಾನು ಆಗ ಪಕ್ಕದ ಮನೆಯಲ್ಲಿದ್ದ ಟೀಚರ್. ಗೊತ್ತಿದ್ದೂ ಮಾಡಿದೆ. ಟೇಪ್ ಮಾಡಿದವರು ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಅವರನ್ನು ಬೈಯಬೇಡಿ. ನಿಮಗೆ ಈ ದನಿ ಸಿಕ್ಕಿರುವುದು ಅವರಿಂದಲೇ.' ಕಳಿಸಿ, ಕಣ್ಣು ಮುಚ್ಚಿ ಕೂತೆ. ದೊಡ್ಡ ಭಾರವೇನೂ ಇಳಿದಂತಾಗಲಿಲ್ಲ. ಸುಸ್ತಾಗಿತ್ತು.

ಸಂಜೆ ನೋಡಿದರೆ ಮೂರು ಜನ ಕೈಮುಗಿದಿದ್ದರು. ಒಬ್ಬ, ಇಷ್ಟು ವರ್ಷದ ಮೇಲೆ ಹೇಳಿ ಏನು ಬಂತು ಅಜ್ಜಿ ಎಂದಿದ್ದ. ನ್ಯಾಯವಾದ ಮಾತು. ಧ್ವನಿಮುದ್ರಿಕೆ ಹಾಕಿದವರು ಮಾತ್ರ ಉದ್ದಕ್ಕೆ ಬರೆದಿದ್ದರು. 'ಮೇಡಂ, ನೀವು ಅವತ್ತು ಅಲ್ಲಿ ಇದ್ದಿರಾ? ಹಾಗಾದರೆ ನೀವೇ ಹೇಳಬೇಕು. ಕೊನೆಯಲ್ಲಿ ಗುರುಗಳು ಎತ್ತಿಕೊಂಡ ಪದ ಯಾವುದು? ಮುಂದೆ ಏನೇನು ಹಾಡಿದರು? ಒಂದು ಸಾಲು ನೆನಪಿದ್ದರೂ ಸಾಕು.' ಅದರ ಕೆಳಗೆ ತೋವಿನಕೆರೆಯ ಆ ಹೆಂಗಸು, ಶಿರಾದ ಡ್ರೈವರ್, ಎಲ್ಲರೂ, ಹೇಳಿ ಮೇಡಂ, ಹೇಳಿ ಅಮ್ಮ ಎಂದು ಕಾಯುತ್ತಿದ್ದರು.

ಕಣ್ಣು ಮುಚ್ಚಿ ಎಷ್ಟು ಹುಡುಕಿದೆ! ಛತ್ರ ಕಂಡಿತು. ಫ್ಯಾನಿನ ಗಾಳಿಗೆ ಕಾಪಿ ಪುಸ್ತಕದ ಹಾಳೆಗಳು ಪಟಪಟ ಹೊಡೆದದ್ದು ಕೇಳಿತು. ಟವಲಿನ ಚುಂಗು ಕಚ್ಚಿ, ಟೇಪ್‌ರೆಕಾರ್ಡರಿನಲ್ಲಿ ದನಿಗೆ ತಕ್ಕಂತೆ ಅಲ್ಲಾಡುವ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತ ಅಣ್ಣ ಕಂಡರು. ಗುರುಗಳ ಬಾಯಿ ಆಡುತ್ತಿತ್ತು, ಹಾಡು ಮಾತ್ರ ಬರಲಿಲ್ಲ. ಅವತ್ತು ನಾನು ಕಾಪಿ ತಿದ್ದುತ್ತಿದ್ದೆ, ಕಿವಿಗೊಟ್ಟು ಕೇಳಿರಲೇ ಇಲ್ಲ.

'ನೆನಪಿಲ್ಲ, ಕ್ಷಮಿಸಿ' ಎಂದು ಬರೆದೆ. ಆಮೇಲೆ ಧ್ವನಿಮುದ್ರಿಕೆಯನ್ನು ಮೂವತ್ತನೇ ನಿಮಿಷಕ್ಕೆ ಎಳೆದು, ಫೋನನ್ನು ಕಿವಿಗಿಟ್ಟುಕೊಂಡೆ. ಪದ ಮುಗಿಯಿತು. ಗುರುಗಳು ಉಸಿರೆಳೆದುಕೊಂಡರು. ಅಣ್ಣ ಕೆಮ್ಮಿದರು. ಅಳಿಸಿಬಿಡಬೇಕೆಂದು ಅವರು ಒಂದು ವಾರ ಒದ್ದಾಡಿದ ಅದೊಂದೇ ಈಗ ಅವರದು ಅಂತ ಉಳಿದಿರುವುದು. ಇನ್ನೊಂದು ಸಲ ಎಳೆದು ಕೇಳಿದೆ.